ಮೆಟ್ಟೂರಿನ ಲೆಕ್ಕ

ಬೇಸಗೆಯಲ್ಲಿ ಕೊಳತ್ತೂರಿನ ಕಡೆಯಿಂದ ಪಣ್ಣವಾಡಿಯ ಹರಿಗೋಲು ಕಟ್ಟೆಗೆ ಇಳಿದು ಹೋದವರಿಗೆ ಒಂದು ವಿಚಿತ್ರ ನೋಟ ಕಾಣಸಿಗುವುದುಂಟು. ಸ್ಟ್ಯಾನ್ಲಿ ಜಲಾಶಯದ ನೀರು 80 ಅಡಿಗಿಂತ ಕೆಳಗಿಳಿದಾಗ ಹಳೆಯದೊಂದು ಕ್ರೈಸ್ತ ಮಂದಿರದ ಗೋಪುರ ನೀರಿನ ನಡುವೆ ತಲೆಯೆತ್ತುತ್ತದೆ. ನೀರು ಇನ್ನೂ ಇಳಿದರೆ ಜಲಕಂಠೇಶ್ವರನ ಗುಡಿಯ ಕಲ್ಲಿನ ನಂದಿ ಹೊರಬರುತ್ತದೆ. ನಮ್ಮ ಭೂಗೋಳದ ಪಾಠಗಳಲ್ಲಿ ಮೆಟ್ಟೂರು ಎಂದರೆ 5,300 ಅಡಿ ಉದ್ದದ ಕಟ್ಟೆ, 120 ಅಡಿ ನೀರು, 1934ನೆಯ ಇಸವಿ. ಹುಡುಗರು ಇವನ್ನು ಒಪ್ಪಿಸುತ್ತಾರೆ, ನಾವು ಅಂಕ ಕೊಡುತ್ತೇವೆ. ಆ ಪಾಠದಲ್ಲಿ ಈ ನಂದಿಗೆ ಸ್ಥಳವಿಲ್ಲ.

ಜಲಾಶಯ ಆವರಿಸಿಕೊಂಡ ಈ ಕಣಿವೆ ಹೇಳಹೆಸರಿಲ್ಲದ ಕಾಡೇನೂ ಆಗಿರಲಿಲ್ಲ. ಮೈಸೂರಿನ ಎತ್ತರದ ಸೀಮೆಯಿಂದ ಕೆಳನಾಡಿಗೆ ಇಳಿಯುವ ದಾರಿಗಳಲ್ಲಿ ಕಾವೇರಿಪುರದ ಕಣಿವೆ ಮುಖ್ಯವಾದುದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಕಂಪನಿಗೆ ಬಿಟ್ಟುಕೊಡುವವರೆಗೆ ಇದೆಲ್ಲ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಆಳ್ವಿಕೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ಮೇಲಣ ಜಲಪಾತಕ್ಕೆ ಹೊಗೆನಕಲ್ ಎಂಬ ಕನ್ನಡದ ಹೆಸರೇ ಇಂದಿಗೂ ಉಳಿದಿದೆ. ಹೊಗೆಯಾಡುವ ಕಲ್ಲು ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟೆಯ ಕಥೆ ಮೈಸೂರಿನಿಂದಲೇ ಆರಂಭವಾಗುತ್ತದೆ. 1911ರಲ್ಲಿ ಕನ್ನಂಬಾಡಿಯ ಕೆಲಸ ಮೊದಲಾದಾಗ ಮದರಾಸು ಸರಕಾರ ತಂಜಾವೂರಿನ ನೀರಿಗೆ ಕೊರತೆಯಾದೀತೆಂದು ಆಕ್ಷೇಪಿಸಿತು. 1914ರಲ್ಲಿ ಗ್ರಿಫಿನ್ ಎಂಬ ನ್ಯಾಯಾಧೀಶರು ಕೊಟ್ಟ ತೀರ್ಪನ್ನು ಮದರಾಸು ಒಪ್ಪಲಿಲ್ಲ. ವಾದವಿವಾದಗಳು ನಡೆದು ಕೊನೆಗೆ 1924ರ ಫೆಬ್ರವರಿ 18ರಂದು ಒಪ್ಪಂದವಾಯಿತು. ಮೈಸೂರು ತನ್ನ ಅಣೆಕಟ್ಟನ್ನು ಪೂರ್ಣಗೊಳಿಸಬಹುದು. ಮದರಾಸು 93,500 ದಶಲಕ್ಷ ಘನ ಅಡಿ ನೀರು ಹಿಡಿಯುವ ಜಲಾಶಯ ಕಟ್ಟಿ 3,01,000 ಎಕರೆ ಹೊಸ ಭೂಮಿಗೆ ನೀರು ಕೊಡಬಹುದು. ಒಂದೊಂದು ಅಡಿ ನೀರನ್ನೂ ಅಳೆದು ತೂಗಿದ ಪತ್ರ ಅದು. ಅಳೆದವರು ಎರಡು ಸರಕಾರಗಳ ಇಂಜಿನಿಯರರು; ನೀರು ನಿಲ್ಲಬೇಕಾದ ನೆಲದವರು ಆ ಮೇಜಿನ ಹತ್ತಿರ ಇರಲಿಲ್ಲ.

ಅದೇ ವರ್ಷ ಜುಲೈಯಲ್ಲಿ ಕಾವೇರಿಗೆ ಭೀಕರ ಪ್ರವಾಹ ಬಂದುದು ಕಟ್ಟೆಯ ಪರವಾದ ವಾದಕ್ಕೆ ಇನ್ನಷ್ಟು ಬಲ ಕೊಟ್ಟಿತು. 1925ರ ಜುಲೈ 20ರಂದು ಕೆಲಸ ಮೊದಲಾಗಿ, 1934ರ ಆಗಸ್ಟ್ 21ರಂದು ಗವರ್ನರ್ ಸರ್ ಜಾರ್ಜ್ ಸ್ಟ್ಯಾನ್ಲಿಯವರು ಕಟ್ಟೆಯನ್ನು ಉದ್ಘಾಟಿಸಿದರು. ತಗುಲಿದ ವೆಚ್ಚ ಸುಮಾರು 4 ಕೋಟಿ 80 ಲಕ್ಷ ರೂಪಾಯಿ.

ಲಾಭವನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಪ್ರವಾಹ ಬಂದರೆ ಮುಳುಗಿ, ಮಳೆ ತಡವಾದರೆ ಒಣಗುತ್ತಿದ್ದ ತಂಜಾವೂರಿನ ಲಕ್ಷಾಂತರ ಎಕರೆ ಗದ್ದೆಗಳಿಗೆ ಒಂದು ಭರವಸೆ ಬಂತು. ಕಲ್ಲಣೆಯಿಂದ ತೆಗೆದ ಹೊಸ ಕಾಲುವೆ ಪಟ್ಟುಕೋಟ್ಟೆಯ ಒಣನೆಲದವರೆಗೆ ನೀರನ್ನೊಯ್ದಿತು. ಜೂನ್ 12ರಂದು ಮೆಟ್ಟೂರಿನ ಬಾಗಿಲು ತೆರೆಯುವುದು ಅಲ್ಲಿಯ ರೈತರಿಗೆ ಹಬ್ಬದಂತಾಯಿತು. 1937ರಿಂದ ವಿದ್ಯುತ್ತು ಬಂತು.

ಇನ್ನು ನಷ್ಟದ ಪಟ್ಟಿ. ಅಂದಿನ ಭೂಸ್ವಾಧೀನದ ಕಾನೂನು 1894ರದು. ಜಮೀನಿನ ಪೇಟೆಯ ಬೆಲೆ, ಅದರ ಮೇಲೆ ನೂರಕ್ಕೆ ಹದಿನೈದು ಹೆಚ್ಚುವರಿ. ಇದು ಅದರ ಲೆಕ್ಕ. ಹಕ್ಕುಪತ್ರವಿದ್ದವನಿಗೆ ಹಣ ಸಿಗುತ್ತಿತ್ತು. ಪರರ ಹೊಲದಲ್ಲಿ ಕೂಲಿ ಮಾಡಿದವನಿಗೆ, ಹರಿಗೋಲು ನಡೆಸಿದವನಿಗೆ, ಊರಿನ ಬಟ್ಟೆ ಒಗೆದವನಿಗೆ ಪತ್ರವೆಲ್ಲಿಂದ ಬರಬೇಕು? ಊರೇ ಅವರ ಆಸ್ತಿ. ಊರಿಗೆ ಬೆಲೆ ಕಟ್ಟುವ ಅಂಕಣ ಕಾನೂನಿನಲ್ಲಿರಲಿಲ್ಲ. ಸಮಾಜದ ಮೇಲಾಗುವ ಪರಿಣಾಮವನ್ನು ಮೊದಲೇ ಅಳೆಯಬೇಕೆಂಬ ವಿಧಿ ನಮ್ಮ ಭೂಸ್ವಾಧೀನದ ಕಾನೂನಿಗೆ ಬಂದುದು 2013ರಲ್ಲಿ, ಮೆಟ್ಟೂರು ತುಂಬಿದ 79 ವರ್ಷಗಳ ಮೇಲೆ.

ಇದು ನಮ್ಮ ದೇಶವೊಂದರದೇ ದೋಷವಲ್ಲ. 1936ರಲ್ಲಿ ಅಮೆರಿಕದ ಸಂಸತ್ತು ಪ್ರವಾಹ ನಿಯಂತ್ರಣಕ್ಕಾಗಿ ಮಾಡಿದ ಕಾನೂನಿನಲ್ಲಿ ಒಂದು ಪ್ರಸಿದ್ಧ ತತ್ತ್ವವಿದೆ: ಲಾಭ ಯಾರಿಗೇ ಸೇರಲಿ, ಒಟ್ಟು ಲಾಭ ಒಟ್ಟು ವೆಚ್ಚಕ್ಕಿಂತ ಹೆಚ್ಚಾಗಿದ್ದರೆ ಸರಕಾರ ಕೈಹಾಕಬಹುದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ನಮಗೆ ತೊಡಕು ಕಾಣುವುದು "ಯಾರಿಗೇ ಸೇರಲಿ" ಎಂಬಲ್ಲಿಯೇ. ಮನೆಯ ಲೆಕ್ಕದಲ್ಲಿ ಒಂದು ಕಿಸೆಯಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಕಿಸೆ ಒಬ್ಬನದೇ. ಪಣ್ಣವಾಡಿಯ ಕಿಸೆಯೂ ತಂಜಾವೂರಿನ ಕಿಸೆಯೂ ಒಬ್ಬನವಲ್ಲ.

ಕಟ್ಟೆಯ ನೆರೆಯವರ ಪಾಡನ್ನೇ ನೋಡಿ. ಕಣ್ಣೆದುರಿಗೆ ಸಮುದ್ರದಂಥ ನೀರು, ಬೆನ್ನ ಹಿಂದೆ ಒಣಗಿದ ಕೆರೆ. ಮೆಟ್ಟೂರಿನ ಎರಡು ದಂಡೆಗಳ ಕಾಲುವೆಗಳಿಂದ ಸೇಲಂ ಮತ್ತು ಸುತ್ತಣ ಸೀಮೆಯ 45,000 ಎಕರೆಗೆ ನೀರು ಹರಿದುದು 1955ರಲ್ಲಿ; ಅದೂ ಕಟ್ಟೆಗಿಂತ ತಗ್ಗಿನಲ್ಲಿದ್ದವರಿಗೆ. ಹೆಚ್ಚುವರಿ ನೀರನ್ನು ಎತ್ತಿ ಸೇಲಮಿನ ನೂರು ಕೆರೆಗಳಿಗೆ ತುಂಬಿಸುವ ಯೋಜನೆ ಮೊದಲಾಗಬೇಕಾದರೆ 2021 ಬರಬೇಕಾಯಿತು. ಧರ್ಮಪುರಿಯ ಕಥೆ ಇನ್ನೂ ಕಹಿ. ಅಲ್ಲಿಯ ಬಾವಿನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಕಂದು ಕಲೆ ಯಾವ ಉಪಾಧ್ಯಾಯರಿಗೆ ಅಪರಿಚಿತ? ವಯಸ್ಸಾದಂತೆ ಮೂಳೆಗಳೂ ಬಾಗುತ್ತವೆ. ಕಾವೇರಿ ಜಿಲ್ಲೆಯ ಅಂಚಿನಲ್ಲಿಯೇ ಹರಿಯುತ್ತಿದ್ದರೂ ಹೊಗೆನಕಲ್ ಕುಡಿಯುವ ನೀರಿನ ಯೋಜನೆಗೆ ಅಡಿಗಲ್ಲು ಬಿದ್ದುದು 2008ರಲ್ಲಿ, ಅದು ಉದ್ಘಾಟನೆಯಾದುದು 2013ರಲ್ಲಿ. ನಡುವೆ ಎರಡು ರಾಜ್ಯಗಳಲ್ಲಿ ನಡೆದ ಗಲಭೆಯ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವ ಇಚ್ಛೆ ನಮಗಿಲ್ಲ. ಗಡಿಯ ಕನ್ನಡಿಗರಾದ ನಾವು ಎರಡೂ ಕಡೆಯ ಘೋಷಣೆಗಳನ್ನು ಕೇಳಿದವರು. ಮಗುವಿನ ಹಲ್ಲಿಗೆ ಭಾಷೆಯಿಲ್ಲವೆಂದಷ್ಟೇ ಹೇಳಬಲ್ಲೆವು.

ಕನ್ನಂಬಾಡಿಯವರೂ ಇದೇ ನೀರಿನಲ್ಲಿ ಊರು ಕಳೆದುಕೊಂಡರು. ಅಲ್ಲಿಯ ವೇಣುಗೋಪಾಲಸ್ವಾಮಿಯ ದೇವಾಲಯವನ್ನು ಎಷ್ಟೋ ಕಾಲದ ಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ ಮೇಲಿನ ನೆಲದಲ್ಲಿ ಮತ್ತೆ ಕಟ್ಟಿದರು. ಪಣ್ಣವಾಡಿಯ ನಂದಿ ಇದ್ದಲ್ಲಿಯೇ ಇದೆ.

ನೀರು ಹಿಂದೆ ಸರಿದಾಗ ಈ ಹಳ್ಳಿಗಳ ಜನರು ಬಯಲಾದ ಜಲಾಶಯದ ತಳದಲ್ಲಿ ರಾಗಿ, ಎಳ್ಳು, ಕಡಲೆಕಾಯಿ ಬಿತ್ತುತ್ತಾರೆ. ಮೆಕ್ಕಲು ಮಣ್ಣು, ಬೆಳೆ ಚೆನ್ನಾಗಿ ಬರುತ್ತದೆ. ನೆಲ ಸರಕಾರದ್ದು, ಪಟ್ಟಾ ಯಾರ ಹೆಸರಿನಲ್ಲಿಯೂ ಇಲ್ಲ. ಮೇಲೆ ಕೊಡಗಿನಲ್ಲಿ ಮಳೆ ಹಿಡಿಯಿತೆಂಬ ಸುದ್ದಿ ಬಂದ ಕೂಡಲೆ, ಕಾಳು ಬಲಿತಿರಲಿ ಬಲಿಯದಿರಲಿ, ಕುಡುಗೋಲು ಹಿಡಿದು ಹೊಲಕ್ಕೆ ಇಳಿಯುತ್ತಾರೆ.