ಸೂಕ್ಷ್ಮದರ್ಶಕದ ಬಳಕೆ: ಈರುಳ್ಳಿ ಪೊರೆಯಿಂದ ತಾಯಿ ಚಿಟ್ಟೆಯವರೆಗೆ

ಕಾಮಸಮುದ್ರ: ಕೋಲಾರ ಜಿಲ್ಲೆಯ ರೇಷ್ಮೆ ಬೆಳೆಗಾರನು ಹುಳುವನ್ನು ಕಾಣುತ್ತಾನೆ, ಗೂಡನ್ನು ಕಾಣುತ್ತಾನೆ, ಚಿಟ್ಟೆಯನ್ನು ಕಾಣುವುದು ಅಪರೂಪ. ಗೂಡು ಮಾರುಕಟ್ಟೆಗೆ ಹೋಗುತ್ತದೆ, ಮುಂದಿನ ಬೆಳೆಯ ಮೊಟ್ಟೆ ಬಿತ್ತನೆ ಕೋಠಿಯಿಂದ ಬರುತ್ತದೆ. ಆ ಮೊಟ್ಟೆ ರೋಗರಹಿತವೇ ಎಂಬುದನ್ನು ನಿರ್ಣಯಿಸುವುದು ಕೋಠಿಯ ಮೇಜಿನ ಮೇಲಿರುವ ಒಂದು ಸಾಧಾರಣ ಸೂಕ್ಷ್ಮದರ್ಶಕ. ಬಂಗಾರಪೇಟೆ, ಕಾಮಸಮುದ್ರದಂಥ ಊರುಗಳ ಪ್ರೌಢಶಾಲಾ ವಿದ್ಯಾರ್ಥಿಯು ಪ್ರಯೋಗಾಲಯದಲ್ಲಿ ಕಾಣುವ ಉಪಕರಣವೂ ಬಹುಮಟ್ಟಿಗೆ ಅದೇ.

ಗಂಟುರೋಗವೆಂದು ಕರೆಯಲಾಗುವ ಪೆಬ್ರಿನ್ ರೋಗಕ್ಕೆ ಕಾರಣ ನೊಸೀಮಾ ಬಾಂಬಿಸಿಸ್ ಎಂಬ ಪರಾವಲಂಬಿ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ, ಹಿಕ್ಕೆಯ ಮೂಲಕ ತಟ್ಟೆಯ ಇತರ ಹುಳುಗಳಿಗೆ ಅದು ಸಾಗುತ್ತದೆ. ಸೋಂಕು ತಗುಲಿದ ಬೆಳೆಯನ್ನು ಉಳಿಸುವ ನೆಚ್ಚಿಕೆಯ ಔಷಧವಿಲ್ಲ. 1865ರಲ್ಲಿ ಫ್ರಾನ್ಸಿನ ಅಲೆಸ್ ಪ್ರಾಂತ್ಯಕ್ಕೆ ತೆರಳಿದ ಲೂಯಿ ಪಾಶ್ಚರ್ ಕಂಡುಕೊಂಡ ಪರಿಹಾರವೇ ಇಂದಿಗೂ ಬಳಕೆಯಲ್ಲಿದೆ: ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಪಡಿಸುವುದು. ನೋಡುವವನ ಕಣ್ಣು ತಪ್ಪಿದರೆ ನಷ್ಟ ರೈತನಿಗೆ.

ಉಪಕರಣವನ್ನು ಎತ್ತುವಾಗ ಒಂದು ಕೈ ತೋಳಿನ ಮೇಲೂ ಇನ್ನೊಂದು ಕೈ ಪೀಠದ ಕೆಳಗೂ ಇರಬೇಕು. ಅಲುಗಾಡದ ಮೇಜು ಅಗತ್ಯ. ಕನ್ನಡಿಯಿರುವ ಹಳೆಯ ಮಾದರಿಯಾದರೆ ಕಿಟಕಿಯ ಬೆಳಕನ್ನಾಗಲಿ ದೀಪವನ್ನಾಗಲಿ ಬಳಸಬಹುದು. ನೇರ ಬಿಸಿಲನ್ನು ಕನ್ನಡಿಗೆ ಹಿಡಿಯುವುದು ಕಣ್ಣಿಗೆ ಅಪಾಯಕಾರಿ. ಕೆಳಗೆ ಬೆಳಕು ಕೂಡಿಸುವ ಕಂಡೆನ್ಸರ್ ಇದ್ದಲ್ಲಿ ಕನ್ನಡಿಯ ಸಮತಲ ಮುಖವನ್ನೂ, ಇಲ್ಲದಿದ್ದಲ್ಲಿ ನಿಮ್ನ ಮುಖವನ್ನೂ ತಿರುಗಿಸಿಕೊಳ್ಳಬೇಕು.

ಮೊದಲ ಅಭ್ಯಾಸಕ್ಕೆ ಈರುಳ್ಳಿಯ ಒಳಪೊರೆಗಿಂತ ಒಳ್ಳೆಯ ವಸ್ತುವಿಲ್ಲ. ತೆಳುಪೊರೆಯನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ, ಸ್ವಲ್ಪ ಅಯೋಡಿನ್ ಸೇರಿಸಿ, ಹೊದಿಕೆ ಗಾಜನ್ನು ಓರೆಯಾಗಿ ಹಿಡಿದು ನಿಧಾನವಾಗಿ ಇಳಿಸಬೇಕು. ಧಡಕ್ಕನೆ ಇಟ್ಟರೆ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಕಪ್ಪು ಅಂಚಿನ ದುಂಡನೆಯ ಗುಳ್ಳೆಯನ್ನು ಜೀವಕೋಶವೆಂದು ತಿಳಿದು ಚಿತ್ರ ಬರೆಯದ ವಿದ್ಯಾರ್ಥಿ ವಿರಳ!

ಆರಂಭ ಯಾವಾಗಲೂ ಅತಿ ಕಡಿಮೆ ವರ್ಧನೆಯ ವಸ್ತು ಮಸೂರದಿಂದ. ಪಕ್ಕದಿಂದ ನೋಡುತ್ತಾ ಗಾಜಿನ ಪಟ್ಟಿಯನ್ನೂ ಮಸೂರವನ್ನೂ ಹತ್ತಿರ ತಂದು, ಆಮೇಲೆ ಕಣ್ಣಿಟ್ಟು, ದೊಡ್ಡ ತಿರುಪಿನಿಂದ ಅವನ್ನು ದೂರ ಸರಿಸುತ್ತಾ ಬಿಂಬವನ್ನು ಹುಡುಕಬೇಕು. ಕಣ್ಣಿಟ್ಟುಕೊಂಡೇ ಹತ್ತಿರ ತರುವ ಆತುರದಲ್ಲಿ ಗಾಜೂ ಒಡೆಯುತ್ತದೆ, ಮಸೂರವೂ ಗೀರುಬೀಳುತ್ತದೆ. ಬೇಕಾದ ಭಾಗವನ್ನು ನಟ್ಟನಡುವೆ ತಂದ ನಂತರವೇ 40 ಪಟ್ಟಿನ ಮಸೂರಕ್ಕೆ ತಿರುಗಿಸಬೇಕು. ಅಲ್ಲಿ ಗಾಜಿಗೂ ಮಸೂರಕ್ಕೂ ಇರುವ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ. ಆದ್ದರಿಂದ ಸಣ್ಣ ತಿರುಪನ್ನು ಮಾತ್ರ ಮುಟ್ಟಬೇಕು. ಬಿಂಬ ತಲೆಕೆಳಗಾಗಿರುವುದರಿಂದ ಪಟ್ಟಿಯನ್ನು ಎಡಕ್ಕೆ ಸರಿಸಿದರೆ ದೃಶ್ಯ ಬಲಕ್ಕೆ ಹೋಗುತ್ತದೆ. ಕೈಗೆ ಇದು ರೂಢಿಯಾಗಲು ಒಂದೆರಡು ದಿನ ಬೇಕು.

ನೇತ್ರ ಮಸೂರದ ಅಂಕಿಯನ್ನು ವಸ್ತು ಮಸೂರದ ಅಂಕಿಯಿಂದ ಗುಣಿಸಿದರೆ ಒಟ್ಟು ವರ್ಧನೆ ದೊರೆಯುತ್ತದೆ. ತಾಯಿ ಚಿಟ್ಟೆಯ ಪರೀಕ್ಷೆಗೆ ರೂಢಿಯಲ್ಲಿರುವ 600 ಪಟ್ಟು ಬರುವುದು 15 ಮತ್ತು 40ರ ಗುಣಲಬ್ಧದಿಂದ. ಗಾತ್ರವನ್ನು ಅಂದಾಜಿಸಲು ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು 4 ಪಟ್ಟಿನ ಮಸೂರದಡಿ ಇಟ್ಟು ನೋಡಬಹುದು. ವೃತ್ತದ ಅಡ್ಡಳತೆ 4 ಮಿಲಿಮೀಟರ್ ಕಂಡರೆ, ಅದೇ ನೇತ್ರ ಮಸೂರದೊಂದಿಗೆ 40 ಪಟ್ಟಿನ ಮಸೂರದಲ್ಲಿ ಅದು 0.4 ಮಿಲಿಮೀಟರ್.

ಬಿತ್ತನೆ ಕೋಠಿಯಲ್ಲಿ ಚಿಟ್ಟೆಯ ಹೊಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟ್‌ನ ತೆಳು ದ್ರಾವಣದಲ್ಲಿ ಅರೆಯುತ್ತಾರೆ. ಕೊಬ್ಬಿನ ಅಡಚಣೆ ಇದರಿಂದ ತಗ್ಗುತ್ತದೆ. ಪೆಬ್ರಿನ್ ಬೀಜಾಣುವಿನ ಉದ್ದ 3ರಿಂದ 4 ಮೈಕ್ರೋಮೀಟರ್. 600 ಪಟ್ಟು ಹಿಗ್ಗಿದಾಗ ಅದು ಸುಮಾರು ಸಾಸಿವೆ ಕಾಳಿನಷ್ಟಾಗಿ, ಅಂಡಾಕಾರದಲ್ಲಿ, ಹೊಳೆಯುತ್ತಾ ಕಾಣುತ್ತದೆ. ಕೊಬ್ಬಿನ ಹನಿಗಳು ದುಂಡಗೆ, ಬೇರೆ ಬೇರೆ ಗಾತ್ರದಲ್ಲಿರುತ್ತವೆ. ಬೀಜಾಣುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಒಂದೇ ವೃತ್ತವನ್ನು ನೋಡಿ ತೀರ್ಮಾನಕ್ಕೆ ಬರಬಾರದು, ಪಟ್ಟಿಯ ಹಲವೆಡೆ ನೋಡಬೇಕು.

ಹೊಸಬರು ಸಾಮಾನ್ಯವಾಗಿ ಎಡವುವುದು ಬೆಳಕಿನಲ್ಲಿ. ಹೆಚ್ಚು ಬೆಳಕಿದ್ದರೆ ಹೆಚ್ಚು ಕಾಣುತ್ತದೆಂಬುದು ತಪ್ಪು ಕಲ್ಪನೆ. ಬಣ್ಣವಿಲ್ಲದ ಪಾರದರ್ಶಕ ಬೀಜಾಣು ಪ್ರಖರ ಬೆಳಕಿನಲ್ಲಿ ಕರಗಿಹೋದಂತೆ ಮರೆಯಾಗುತ್ತದೆ. ಕಂಡೆನ್ಸರ್ ಬಳಿಯ ಬೆಳಕಿನ ಕಿಂಡಿಯನ್ನು ಸ್ವಲ್ಪ ಕಿರಿದುಗೊಳಿಸಿದರೆ ಅಂಚುಗಳು ಎದ್ದು ಕಾಣುತ್ತವೆ. ಹಾಗೆಯೇ ವರ್ಧನೆಯನ್ನು ಎಷ್ಟು ಏರಿಸಿದರೂ ಸುಮಾರು 0.2 ಮೈಕ್ರೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಬೇರ್ಪಡಿಸಿ ತೋರಿಸಲಾರದು. ಸಾವಿರಾರು ಪಟ್ಟೆಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ.

2001ರಲ್ಲಿ ಮುಚ್ಚಿದ ನೆರೆಯ ಕೆಜಿಎಫ್ ಗಣಿಯ ಬಂಡೆಗಳನ್ನು ನೋಡಬಯಸುವವರಿಗೆ ಈ ಉಪಕರಣ ಸಾಲದು. ಕಲ್ಲನ್ನು 0.03 ಮಿಲಿಮೀಟರಿನಷ್ಟು ತೆಳುವಾಗಿ ಉಜ್ಜಿ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.

ಬಯಲುಸೀಮೆಯಲ್ಲಿ ಮಸೂರದ ಮೊದಲ ಶತ್ರು ಧೂಳು. ಅಂಗಿಯ ತುದಿಯಿಂದ ಒರೆಸಿದರೆ ಧೂಳಿನ ಕಣವೇ ಗಾಜನ್ನು ಗೀರುತ್ತದೆ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ, ನಂತರ ಮಸೂರ ಒರೆಸುವ ಕಾಗದವನ್ನಷ್ಟೇ ಬಳಸಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಶಾಲಾ ಅಭ್ಯಾಸಕ್ಕೆ ರೋಗದ ಚಿಟ್ಟೆಯನ್ನು ತರುವುದು ಸಲ್ಲದು; ಬೀಜಾಣುಗಳು ಬಹುಕಾಲ ಉಳಿಯುವುದರಿಂದ, ಅಕ್ಕಪಕ್ಕದ ಹುಳುಮನೆಗೆ ಅವು ಹೋಗಿ ಸೇರಲು ಒಂದು ಜೊತೆ ಚಪ್ಪಲಿ ಸಾಕು.