ಹಗೇವಿನ ಬಾಯಿ, ಸಂಪಿನ ಮುಚ್ಚಳ

ಇಂಗ್ಲಿಷಿನ ‘ಟ್ರ್ಯಾಪ್‌ಡೋರ್’ಗೆ ಕನ್ನಡದಲ್ಲಿ ಏನೆನ್ನುವುದು? ನೆಲದಲ್ಲೋ ಮಾಳಿಗೆಯಲ್ಲೋ ಅಡ್ಡ ಮಲಗಿರುವ, ಎತ್ತಿ ತೆಗೆಯುವ ಬಾಗಿಲದು. ಹಿಂದಿನವರು ಕಾಳು ಕೂಡಿಡುತ್ತಿದ್ದ ಬಗೆಯ ಕುರಿತು ಓದುವಾಗ ಈ ಪದ ಎದುರಾಯಿತು. ಟಿಪ್ಪಣಿಯಲ್ಲಿ ‘ನೆಲಬಾಗಿಲು’ ಎಂದು ಬರೆದು ಹೊಡೆದುಹಾಕಿದೆ. ‘ಕಳ್ಳಬಾಗಿಲು’ ಎಂದೆ, ಅದೂ ಒಗ್ಗಲಿಲ್ಲ. ಕಾಳು ತುಂಬಿಡುವುದರಲ್ಲಿ ಕಳ್ಳತನವೇನು ಬಂತು!

ಇಂಗ್ಲಿಷ್ ಪದದೊಳಗೆ ಬೋನು ಕೂತಿದೆ. ನಮ್ಮವರು ಕದಕ್ಕೆ ಹೆಸರಿಡುವ ಗೋಜಿಗೇ ಹೋಗದೆ ಅದರಾಚೆ ಇರುವುದಕ್ಕೆ ಹೆಸರಿಟ್ಟರು ಅನಿಸುತ್ತದೆ. ಏಣಿ ಹತ್ತಿ ತಳ್ಳಿದರೆ ಅಟ್ಟ, ಹಲಗೆ ಎತ್ತಿ ಇಳಿದರೆ ನೆಲಮಾಳಿಗೆ. ಬಯಲುಸೀಮೆಯ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ; ಮಳೆ ಬಂದರೆ ಮೇಲೆ ಓಡಿ ಮುಚ್ಚಬೇಕು, ಆದರೂ ಹೆಸರು ಬೆಳಕಿನದೇ.

ಇದಕ್ಕೆಲ್ಲ ದೊಡ್ಡ ಉದಾಹರಣೆ ಹಗೇವು. ಗಟ್ಟಿ ನೆಲದಲ್ಲಿ ತೋಡಿದ ಕಣಜ: ಬಾಯಿ ಒಬ್ಬ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ ರಾಗಿಯನ್ನೋ ಜೋಳವನ್ನೋ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಬರಗಾಲಕ್ಕೆ ಇದೇ ಆಸರೆ. ಕಾಳು ಕಾಯುತ್ತಿದ್ದದ್ದೂ ಆಳು ತೆಗೆಯುತ್ತಿದ್ದದ್ದೂ ಒಂದೇ ಗಾಳಿ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳುವೂ ಬದುಕದು, ಅವಸರದಲ್ಲಿ ಇಳಿದವನೂ ಬದುಕಲಾರ. ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಬಿಡುತ್ತಿದ್ದರು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ‘ಹಗೇವು’ ಎಂದರೆ ಈ ಎಚ್ಚರವೂ ಸೇರಿಯೇ ಬರುತ್ತಿತ್ತು. ‘ಟ್ರ್ಯಾಪ್‌ಡೋರ್’ ಎಂದು ಓದಿದವನಿಗೆ ಚಪ್ಪಡಿ ಕಂಡೀತು, ದೀಪ ಕಾಣದು.

ಕೊನೆಗೆ ಟಿಪ್ಪಣಿಯಲ್ಲಿ ‘ಹಗೇವಿನ ಬಾಯಿ’ ಎಂದೇ ಬರೆದೆ. ಬಾಗಿಲಿಲ್ಲ, ಬಾಯಿ. ಮಾರ್ಗದರ್ಶಕರು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.

ನಾನಿರುವುದು ಅನ್ನಪೂರ್ಣೇಶ್ವರಿ ನಗರದಲ್ಲಿ, ಬಾಡಿಗೆ ಮನೆ. ಇಲ್ಲಿ ಗೇಟಿನೊಳಗೆ ಕಾಲಿಟ್ಟರೆ ಮೊದಲು ಸಿಗುವುದೇ ನೆಲದಲ್ಲಿ ಮಲಗಿದ ಕಬ್ಬಿಣದ ಕದ. ಅದಕ್ಕೂ ಸ್ವಂತ ಹೆಸರಿಲ್ಲ, ‘ಸಂಪಿನ ಮುಚ್ಚಳ’ ಅಷ್ಟೆ. ಕಾಳಿನ ಬದಲು ನೀರು. ನೀರು ಬಿಡುವ ದಿನ ಅದನ್ನೆತ್ತಿ ಗೋಡೆಗೆ ಒರಗಿಸಿದಾಗ ಓನರ್ ಆಂಟಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮೊಮ್ಮಗ ಆ ಕಡೆ ಬಂದರೆ ಕುರ್ಚಿಯಿಂದ ಏಳುವ ಮೊದಲೇ ಕೂಗುತ್ತಾರೆ: “ಸಂಪು ತೆಗ್ದಿದೆ ಕಣೋ!”