ಕೇಶಿರಾಜನ ನೆರೆಮನೆಯವರು

ನವುಲೆಯಲ್ಲಿ 1980ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ನಮ್ಮ ಮನೆಗೆ ದೂರವಲ್ಲ. ಅಲ್ಲಿ ಓದುವ ನೆರೆಮನೆಯ ಹುಡುಗಿಯೊಬ್ಬಳು ಒಂದು ಸಂಜೆ, "ಮೇಷ್ಟ್ರೇ, ನಮಗೂ ವ್ಯಾಕರಣದ ಪರೀಕ್ಷೆಯಿದೆ" ಎಂದಾಗ ನಾನು ನಂಬಲಿಲ್ಲ. ತರಗತಿಯಲ್ಲಿ ಶಬ್ದಮಣಿದರ್ಪಣವನ್ನು ಕ್ಷಮೆ ಬೇಡುವವನ ದನಿಯಲ್ಲಿ ಪಾಠ ಹೇಳಿದವನು ನಾನು. ವಿದ್ಯಾರ್ಥಿಗಳಿಗೆ ಪಂಪನೆಂದರೆ ಪ್ರೀತಿ, ಕೇಶಿರಾಜನೆಂದರೆ ಬರಿಯ ಅಂಕ.

ಅವಳ ಪುಸ್ತಕದ ವಿಷಯ ಕಂಪೈಲರ್: ಮನುಷ್ಯನು ಬರೆದ ಆಜ್ಞೆಗಳನ್ನು ಗಣಕಯಂತ್ರದ ಸಂಜ್ಞೆಗಳಿಗೆ ತಿರುಗಿಸುವ ಅನುವಾದಕ. ಅದು ಮೊದಲು ಅಕ್ಷರಗಳ ಸಾಲನ್ನು ಪದಗಳಾಗಿ ಒಡೆಯುತ್ತದೆ. ಆಮೇಲೆ ವ್ಯಾಕರಣಸೂತ್ರಗಳಿಗನುಸಾರವಾಗಿ ಅವುಗಳ ಸಂಬಂಧವನ್ನು ಮರದಂತೆ ಕಟ್ಟುತ್ತದೆ. ಸಂಖ್ಯೆಯೊಡನೆ ಕೂಡಬಾರದುದನ್ನು ಕೂಡಿಸಿದ್ದರೆ ತಡೆಯುತ್ತದೆ. ಕೊನೆಗೆ ಅನಾವಶ್ಯಕವನ್ನು ಕಳೆದು ಯಂತ್ರಭಾಷೆಯಲ್ಲಿ ಬರೆಯುತ್ತದೆ. ಹಳಗನ್ನಡ ಪದ್ಯಕ್ಕೆ ಪದಚ್ಛೇದ, ಅನ್ವಯ, ಅರ್ಥ ಬರೆದವರಿಗೆ ಈ ದಾರಿ ಹೊಸದಲ್ಲ.

1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯ ಕಂಪೈಲರನ್ನು ಹೊರತಂದರು. ಆ ಭಾಷೆಯಲ್ಲಿ ಪದಗಳ ನಡುವಣ ತೆರಪಿಗೆ ಬೆಲೆಯಿರಲಿಲ್ಲ. ಅಲ್ಪವಿರಾಮದ ಜಾಗದಲ್ಲಿ ಚುಕ್ಕಿ ಬಿದ್ದರೆ, ಮತ್ತೆ ಮತ್ತೆ ಮಾಡೆಂಬ ಆಜ್ಞೆಯೊಂದು ಯಾವುದೋ ಹೆಸರಿಗೆ ಬೆಲೆ ಕೊಡುವ ವಾಕ್ಯವಾಗಿಬಿಡುತ್ತಿತ್ತು. ತಾಳೆಗರಿಯ ಎಡೆಬಿಡದ ಸಾಲನ್ನು ತಪ್ಪಾಗಿ ಬಿಡಿಸಿದ ಸಂಪಾದಕರ ಪಾಡೂ ಇದೇ ಅಲ್ಲವೆ?

ಬ್ಯಾಕಸ್ 1959ರಲ್ಲಿ ಇಂಥ ಭಾಷೆಗಳ ವ್ಯಾಕರಣವನ್ನು ಬರೆಯುವ ಸೂತ್ರಪದ್ಧತಿಯೊಂದನ್ನು ಮಂಡಿಸಿದರು. ಅದಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಇಂಗರ್‌ಮನ್ ಎಂಬವರು 1967ರಲ್ಲಿ ಪತ್ರ ಬರೆದರು. ಪಾಣಿನಿಗೆ ಗಣಕ ಗೊತ್ತಿತ್ತೆಂದು ಜಂಬ ಕೊಚ್ಚುವವರ ಗುಂಪಿನವನು ನಾನಲ್ಲ. ಪಾಣಿನಿ ಧಾತುವಿನಿಂದ ಪದವನ್ನು ಕಟ್ಟುತ್ತಾನೆ. ಕಂಪೈಲರ್ ಕಟ್ಟಿದ್ದನ್ನು ಬಿಚ್ಚುತ್ತದೆ.

ಅನುವಾದವಾದ ಮಾತ್ರಕ್ಕೆ ಕೆಲಸ ಮುಗಿಯದು. ಪಠ್ಯಕ್ಕೆ ಗಮಕಿಯಿರುವಂತೆ ಅದನ್ನು ನಡೆಸುವ ವ್ಯವಸ್ಥೆಯೊಂದು ಬೇಕು. ಅದು ನೆನಪಿನಲ್ಲಿ ಜಾಗ ಒದಗಿಸಿ, ಬಳಕೆ ತಪ್ಪಿದುದನ್ನು ಗುಡಿಸುತ್ತದೆ. ಈ ಗುಡಿಸುವ ವಿದ್ಯೆಯನ್ನು ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ ರೂಪಿಸಿ 1960ರಲ್ಲಿ ಪ್ರಕಟಿಸಿದರು. ಜಾವಾ ಭಾಷೆಗೆ 1999ರಲ್ಲಿ ಬಂದ ಹಾಟ್‌ಸ್ಪಾಟ್ ಎಂಬ ಎಂಜಿನ್ ಮೊದಲು ಸಾವಕಾಶವಾಗಿ ಓದುತ್ತ ಹೋಗಿ, ಪದೇ ಪದೇ ಬರುವ ಭಾಗವನ್ನು ಮಾತ್ರ ಯಂತ್ರಭಾಷೆಗೆ ತಿರುಗಿಸಿಕೊಳ್ಳುತ್ತದೆ. ಗಮಕಿ ಪಲ್ಲವಿಯನ್ನು ಬಾಯಿಪಾಠ ಮಾಡಿಕೊಂಡ ಹಾಗೆ.

ಒಂದು ಭೇದವನ್ನು ಮಾತ್ರ ಹುಡುಗಿಗೆ ಒತ್ತಿ ಹೇಳಿದೆ. ಯಂತ್ರದ ಭಾಷೆಯಲ್ಲಿ ಸೂತ್ರ ಮೊದಲು, ಮಾತು ಆಮೇಲೆ. ಸುಮಾರು 1260ರಲ್ಲಿ ಬರೆದ ಕೇಶಿರಾಜನಾದರೋ ಪಂಪ, ಪೊನ್ನ, ಅಸಗ ಮೊದಲಾದವರ ಪ್ರಯೋಗವನ್ನು ಲಕ್ಷ್ಯವಾಗಿಟ್ಟುಕೊಂಡು ಸೂತ್ರ ಹೇಳಿದವನು. ಕವಿ ಮೊದಲು.

"ಹಾಗಾದರೆ 'ಮಳೆಗಾಲ'ವನ್ನು ಯಂತ್ರ ಹೇಗೆ ಒಡೆಯಬೇಕು ಮೇಷ್ಟ್ರೇ?" ಎಂದಳು. ಕಕಾರವು ಗಕಾರವಾಗುವ ಸೂತ್ರವನ್ನು ತೆಗೆದು ತೋರಿಸಿದೆ. ಊಟಕ್ಕೆ ಕರೆ ಬರುವವರೆಗೂ ಇಬ್ಬರೂ ಸಂಧಿಪ್ರಕರಣವನ್ನು ಬಿಟ್ಟು ಏಳಲಿಲ್ಲ.